ಕೋಳಿಗೆ ಕಳೆ ಬಂದದ್ದು ಹೇಗೆ

ನಮ್ಮ ಮನೆಯ ಒಂಬತ್ತು ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ನಿಲ್ಲಿಸಿದ್ದು ನಾನು. ರೋಗ ಬಂದಿರಲಿಲ್ಲ, ಹವೆ ಕೆಟ್ಟಿರಲಿಲ್ಲ. ಗುದ್ದಲಿ ಹಿಡಿದ ನನ್ನ ಎರಡು ಕೈ ಸಾಕಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ನನ್ನಂಥ ಬುದ್ಧಿವಂತನೊಬ್ಬ ಇರಬಹುದು.

ಕೋಳಿಗಳು ಅಕ್ಕನವು. ಅಕ್ಕ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿದ್ದಳು. ಅಲ್ಲಿನ ಯಂತ್ರ ಅವಳ ಬಲಗೈಯ ಮೂರು ಬೆರಳು ತಿಂದಿತು. ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಕೂತಳು. ಆರು ತಿಂಗಳು ಕೂತಳು. ಆಮೇಲೆ ಪಕ್ಕದ ಮನೆಯ ಅಜ್ಜಿ ಒಂದು ರಟ್ಟಿನ ಡಬ್ಬದಲ್ಲಿ ಹತ್ತು ಮರಿ ತಂದು ಅವಳ ಮಡಿಲಿಗೆ ಇಟ್ಟರು. ಅಕ್ಕ ಅವುಗಳನ್ನು ಬಲ್ಬಿನ ಬಿಸಿಯಲ್ಲಿ ಬೆಳೆಸಿದಳು. ಎಡಗೈಯಲ್ಲಿ ಕಾಳು ಎರಚುವುದನ್ನು ಕಲಿತಳು, ಎಡಗೈಯಲ್ಲೇ ಗೂಡಿನ ಚಿಲಕ ಹಾಕುವುದನ್ನು ಕಲಿತಳು. ಒಂದು ಮರಿ ಬೀದಿನಾಯಿಯ ಪಾಲಾಯಿತು. ಉಳಿದ ಒಂಬತ್ತಕ್ಕೆ ಹಿತ್ತಲಿನಲ್ಲಿ ನಾನೇ ತಂತಿಬಲೆಯ ಬೇಲಿ ಕಟ್ಟಿಕೊಟ್ಟೆ. ಮೊದಲ ಮೊಟ್ಟೆ ಸಿಕ್ಕ ದಿನ ಅಕ್ಕ ಅದನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಕೈಯಲ್ಲೇ ಹಿಡಿದುಕೊಂಡು ಓಡಾಡಿದ್ದಳು.

ಪಶು ಆಸ್ಪತ್ರೆಯಿಂದ ಲಸಿಕೆ ಹಾಕಲು ಬರುವ ಹೆಂಗಸನ್ನು ನಮ್ಮ ಬೀದಿಯವರೆಲ್ಲ ಸೂಜಿಯಕ್ಕ ಎನ್ನುತ್ತಾರೆ. ಒಂದು ದಿನ ಅವರು ಲಸಿಕೆ ಹಾಕಿ ಮುಗಿಸಿ, ಸ್ಕೂಟರ್ ಹತ್ತಿ, ಗುರ್ ಎನ್ನುವ ಸದ್ದಿನ ನಡುವೆ ನನಗೆ ಕೂಗಿ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಇಷ್ಟು: "ತಮ್ಮಾ, ಕಳೆ ನೋಡಿದ್ಯಾ? ಹೀಗೇ ಬಿಟ್ರೆ ಆಗಲ್ಲ. ಮೊದಲು ಆ ಕಳೆ ಕಡೆ ಗಮನ ಕೊಡು!"

ನಾನು ಹಿತ್ತಲ ಕಡೆ ತಿರುಗಿ ನೋಡಿದೆ. ಬೇಲಿಯ ಉದ್ದಕ್ಕೂ ಮೊಣಕಾಲೆತ್ತರ ಕಳೆ. ನಾಚಿಕೆಯಾಯಿತು. ನಾನು ಕೆಲಸ ಮಾಡುವುದು ಪಂಕ್ಚರ್ ಅಂಗಡಿಯಲ್ಲಿ. ರಜೆಯ ದಿನ ಗುದ್ದಲಿ ತೆಗೆದುಕೊಂಡು ಒಂದೆಲೆ ಬಿಡದೆ ಕೆತ್ತಿದೆ. ಗುಡ್ಡೆ ಹಾಕಿ ಸುಟ್ಟೆ. ಅಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದು, "ಈಗ ನೋಡು, ಮನುಷ್ಯರಿರೋ ಮನೆ ಅನ್ನಿಸುತ್ತೆ" ಎಂದಳು.

ಆ ಕಳೆಯನ್ನು ಕೋಳಿಗಳು ಬಲೆಯ ಕಿಂಡಿಯಿಂದ ಕತ್ತು ಚಾಚಿ ಕುಕ್ಕುತ್ತಿದ್ದುದನ್ನು ನಾನು ದಿನವೂ ನೋಡಿದ್ದೆ. ನೋಡಿದ್ದೆ, ಅಷ್ಟೇ. ಕಣ್ಣು ತಲೆಗೆ ಏನೂ ಹೇಳಿರಲಿಲ್ಲ.

ಅಲ್ಲಿಂದ ಅವುಗಳಿಗೆ ನುಚ್ಚಕ್ಕಿಯೊಂದೇ ಗತಿ. ಮೂರು ವಾರದಲ್ಲಿ ಜುಟ್ಟು ಬಿಳಿಚಿಕೊಂಡಿತು. ಮೊಟ್ಟೆಯ ಚಿಪ್ಪು ಬೆರಳಿಟ್ಟರೆ ಒಳಗೆ ಹೋಗುವಷ್ಟು ತೆಳ್ಳಗಾಯಿತು. ಆಮೇಲೆ ಮೊಟ್ಟೆಯೇ ಇಲ್ಲ. ಕೋಳಿಗಳು ಮೂಲೆಯಲ್ಲಿ ಗರಿ ಕೆದರಿಕೊಂಡು, ಬಸ್ಸು ತಪ್ಪಿದವರ ಹಾಗೆ ನಿಂತವು.

"ಕೂತು ತಿನ್ನೋ ಒಂಬತ್ತು ನೆಂಟರನ್ನ ಸಾಕೋಕೆ ನನ್ನಿಂದಾಗಲ್ಲ" ಎಂದು ಅಮ್ಮ ಕೋಳಿ ಅಂಗಡಿಯವನನ್ನು ಕರೆಸಿದಳು. ಅವನನ್ನು ಎಲ್ಲರೂ ಕರೆಯುವುದು ತಕ್ಕಡಿಯಣ್ಣ ಎಂದು. ಅವನು ಒಂದು ಕೋಳಿಯ ಕಾಲು ಹಿಡಿದು ಎತ್ತಿದ.

"ಏನಮ್ಮಾ ಇದು, ಕೋಳಿನಾ, ಪುಕ್ಕ ಹಾಕ್ಕೊಂಡಿರೋ ಗಾಳಿನಾ? ಇನ್ನೊಂದು ತಿಂಗಳು ಚೆನ್ನಾಗಿ ತಿನ್ನಿಸಿ. ಆಮೇಲೆ ಬಂದು ಒಂಬತ್ತನ್ನೂ ಒಟ್ಟಿಗೆ ಒಯ್ತೀನಿ."

ಅಕ್ಕ ಒಳಗೆ ಹೋಗಿ ಕೂತಳು. ಅದೇ ಗೋಡೆ, ಅದೇ ಜಾಗ.

ನನಗೆ ತಲೆ ಕೆಟ್ಟುಹೋಯಿತು. ಸೀದಾ ಪಶು ಆಸ್ಪತ್ರೆಗೆ ಹೋದೆ. ಸೂಜಿಯಕ್ಕ ಐಸ್ ಡಬ್ಬಕ್ಕೆ ಲಸಿಕೆಯ ಶೀಷೆ ಜೋಡಿಸುತ್ತಿದ್ದರು. ಬಾಗಿಲಲ್ಲೇ ನಿಂತು ಕಿರುಚಿದೆ.

"ನೀವು ಹೇಳಿದ ಹಾಗೇ ಮಾಡಿದೆ! ಒಂದು ಬಿಡದೆ ಕಿತ್ತೆ! ಈಗ ಕೋಳಿ ಸಾಯೋ ಹಾಗಿದಾವೆ!"

"ಏನನ್ನ ಕಿತ್ತೆ?"

"ಕಳೆನ! ನೀವೇ ಹೇಳಿದ್ರಲ್ಲ, ಕಳೆ ಕಡೆ ಗಮನ ಕೊಡು ಅಂತ!"

ಅವರು ಶೀಷೆಯನ್ನು ಕೆಳಗಿಟ್ಟರು. ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು.

"ಅಯ್ಯೋ ಮಹಾರಾಯ! ನಾನು ಹೇಳಿದ್ದು ಮುಖದ ಕಳೆ ಕಣೋ! ಕೋಳಿ ಮುಖದಲ್ಲಿ ಕಳೆ ಇಲ್ಲ, ಹಸಿರು ಸಾಲ್ತಿಲ್ಲ, ಬೇಲಿ ಹೊರಗಿರೋದನ್ನ ಕೊಯ್ದು ಒಳಗೆ ಹಾಕು ಅಂತ!"

"ಹಾಗಂತ ಬಿಡಿಸಿ ಹೇಳ್ಬೇಕಿತ್ತು."

"ಹೌದಪ್ಪಾ. ಸ್ಕೂಟರ್ ಆಫ್ ಮಾಡಿ ಹೇಳ್ಬೇಕಿತ್ತು. ನಾನು ಅರ್ಧ ಹೇಳಿದೆ, ನೀನು ಅರ್ಧ ಕೇಳಿದೆ. ಉಪವಾಸ ಮಾತ್ರ ಪೂರ್ತಿ ಕೋಳಿಗೆ."

ಸಂಜೆ ಕೆಲಸ ಮುಗಿಸಿ ಅವರೇ ಬಂದರು. ಅಮ್ಮನಿಗೆ ವಿಷಯ ತಿಳಿಸಿದರು. ಅಮ್ಮ ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತದೆ ಕೇಳಿಸಿಕೊಂಡಳು.

"ಅಲ್ಲ ಕಣಮ್ಮಾ, ಸರ್ಕಾರಿ ಕೆಲಸದಲ್ಲಿರೋಳು ನೀನು. ಕೋಳಿಗೆ ಕಸ ಹಾಕು ಅಂತೀಯಲ್ಲ?"

"ಕಸ ಅಂತ ಹೆಸರಿಟ್ಟಿದ್ದು ನಾವು ಅಮ್ಮಾ. ಕೋಳಿ ಇಟ್ಟಿಲ್ಲ."

"ಕಸ ತಿಂದ ಕೋಳಿ ಮೊಟ್ಟೇಲಿ ಇನ್ನೇನಿರುತ್ತೆ, ಕಸಾನೇ."

"ತಿಂಗಳಿದೆಯಲ್ಲ. ಅಷ್ಟರವರೆಗೆ ನಾನು ಹೇಳಿದ ಹಾಗೆ ಮಾಡಿ. ಆಮೇಲೆ ನೀವುಂಟು, ನಿಮ್ಮ ತಕ್ಕಡಿಯಣ್ಣ ಉಂಟು."

"ಆಯ್ತು, ಮಾಡಿ. ನನ್ನ ಕೋಳಿ ಅಲ್ಲ, ನನ್ನ ಕಸಾನೂ ಅಲ್ಲ" ಎಂದು ಅಮ್ಮ ಪೆಡಲ್ ತುಳಿದಳು.

ನಮ್ಮ ಬೀದಿಯ ಕೊನೆಗೆ ಒಂದು ಖಾಲಿ ಸೈಟು ಇದೆ. ಹತ್ತು ವರ್ಷದಿಂದ ದಿನಾ ಅದರ ಮುಂದೆ ಹೋಗಿ ಬಂದಿದ್ದೇನೆ. ಅಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದೆ. ಸೂಜಿಯಕ್ಕ ಅಕ್ಕನನ್ನೂ ಎಬ್ಬಿಸಿಕೊಂಡು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದು, "ಕುಕ್ಕರಗಾಲಲ್ಲಿ ಕೂತ್ಕೊಳ್ಳಿ" ಎಂದರು. ಕೂತೆವು.

ಕೂತ ಮೇಲೆ ಸೈಟು ಬೇರೆಯಾಯಿತು. ನಿಂತಾಗ ಒಂದೇ ಹಸಿರಾಗಿದ್ದದ್ದು ಕೂತಾಗ ಇಪ್ಪತ್ತು ಹಸಿರಾಯಿತು. ನೆಲಕ್ಕೆ ಅಂಟಿಕೊಂಡು, ಕೆಂಪು ಕಾಂಡ ಚಾಚಿ, ದಪ್ಪ ಎಲೆಗಳಲ್ಲಿ ನೀರು ತುಂಬಿಕೊಂಡಿದ್ದ ಗೋಣಿಸೊಪ್ಪು. ಹೊಸದಾಗಿ ಚಿಗುರಿದ ಗರಿಕೆ. ಎದೆಯೆತ್ತರ ನಿಂತ ಕಾಡುದಂಟು. ಸೂಜಿಯಕ್ಕ ದಂಟಿನ ಒಂದು ತೆನೆ ಮುರಿದು ಅಕ್ಕನ ಬಲ ಅಂಗೈ ಮೇಲೆ ಉಜ್ಜಿದರು. ಹೊಟ್ಟು ಹಾರಿತು. ಕೆಳಗೆ ಮಿರಮಿರ ಮಿಂಚುವ ಕಪ್ಪು ಬೀಜಗಳು ಅಂಗೈಯ ಗೆರೆಗಳ ಒಳಗೆ ಹರಿದವು. ಸಾಸಿವೆ ಅದರ ಮುಂದೆ ಬಂಡೆಗಲ್ಲು.

"ಎಣಿಸು" ಎಂದರು.

ಅಕ್ಕ ನಲವತ್ತರವರೆಗೆ ಎಣಿಸಿ ಬಿಟ್ಟಳು. "ಆಗಲ್ಲ ಅಕ್ಕಾ."

"ಒಂದೇ ಗಿಡದಲ್ಲಿ ಸಾವಿರಗಟ್ಟಲೆ ಇರುತ್ತೆ. ಯಾರು ಬಿತ್ತಿದ್ರು? ಯಾರು ನೀರು ಹಾಕಿದ್ರು?"

ಇಂಥದ್ದನ್ನೇ ನಾನು ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದೆ. ಕಳೆ ಎಂದರೆ ಬೇಡದ ಗಿಡ ಎಂದು ಶಾಲೆಯ ಪುಸ್ತಕದಲ್ಲಿತ್ತು. ಯಾರಿಗೆ ಬೇಡದ್ದು? ಬರೆದವನು ಒಂದು ಕೋಳಿಯನ್ನಾದರೂ ಕೇಳಿದ್ದನಾ?

ಹುರುಪಿನಲ್ಲಿ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ತೋಳು ತುಂಬಿಕೊಂಡೆ. ಸೂಜಿಯಕ್ಕ ಅದರಿಂದ ಒಂದು ಗಿಡ ಎಳೆದು ತೆಗೆದರು. ಅಗಲ ಎಲೆ, ಕಹಳೆಯಂಥ ಬಿಳಿ ಹೂ, ಮುಳ್ಳಿನ ಕಾಯಿ.

"ಇದೇನು ಗೊತ್ತಾ? ಉಮ್ಮತ್ತಿ. ವಿಷ. ಒಂಬತ್ತನ್ನೂ ಒಂದೇ ದಿನ ಕಳಿಸೋ ಯೋಚನೆನಾ?"

ನಾನು ಕೈ ಒರೆಸಿಕೊಂಡೆ.

"ಕಣಗಿಲೆ ಬೇಡ, ಹರಳು ಬೀಜ ಬೇಡ, ಹಸಿರು ಬಂದ ಆಲೂಗಡ್ಡೆ ಬೇಡ. ಹೆಸರು ಗೊತ್ತಿಲ್ಲದ್ದು ಯಾವುದೂ ಬೇಡ. ಬಯಲಲ್ಲಿ ಮೇಯೋ ಕೋಳಿ ಆರಿಸಿ ತಿನ್ನುತ್ತೆ. ಕೂಡಿಹಾಕಿದ ಕೋಳಿ ನೀನು ಹಾಕಿದ್ದನ್ನ ತಿನ್ನುತ್ತೆ, ಬೇರೆ ದಾರಿ ಇಲ್ಲ ಅದಕ್ಕೆ. ಮತ್ತೆ ಕಳೆನಾಶಕ ಹೊಡೆದ ಜಾಗದ್ದು ಮುಟ್ಟಲೇಬೇಡ. ರಸ್ತೆ ಅಂಚಿಂದು, ಚರಂಡಿ ಪಕ್ಕದ್ದು ಕೂಡ ಬೇಡ."

"ಇಷ್ಟೆಲ್ಲ ಯಾರು ನೆನಪಿಟ್ಕೊಳ್ತಾರೆ?" ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು. "ನಾನು ಇಟ್ಕೊಳ್ತೀನಿ. ನೀನು ಹೊತ್ಕೊಂಡು ಬಾ, ಸಾಕು."

ಮನೆಗೆ ಬಂದು ದಂಟನ್ನು ಕಟ್ಟು ಮಾಡಿ, ಕೋಳಿಯ ಕತ್ತಿನ ಎತ್ತರಕ್ಕೆ ಬಲೆಗೆ ಕಟ್ಟಿದೆವು. ನೆಲಕ್ಕೆ ಎಸೆದರೆ ತುಳಿದು ಹೇತು ಹಾಳುಮಾಡುತ್ತವೆ. ಉದ್ದ ಹುಲ್ಲನ್ನು ಬೆರಳಗಲಕ್ಕೆ ಕತ್ತರಿಸಿದೆವು, ಇಲ್ಲದಿದ್ದರೆ ಗಂಟಲ ಚೀಲದಲ್ಲಿ ಗಂಟು ಕಟ್ಟುತ್ತದಂತೆ. ಆಮೇಲೆ ಮೂವರೂ ಹಿಂದೆ ಸರಿದು ನಿಂತೆವು.

ಕಂದು ಕೋಳಿ ಮೊದಲು ಬಂತು. ತಲೆ ಓರೆ ಮಾಡಿ ಒಂದು ಕಣ್ಣಲ್ಲಿ ನೋಡಿತು. ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡಿತು. ಒಂದು ಎಲೆ ಹರಿಯಿತು. ಗಂಟಲಲ್ಲಿ ಏನೋ ಸಣ್ಣ ಸದ್ದು ಮಾಡಿತು. ಆ ಸದ್ದಿನಲ್ಲಿ ಏನಿತ್ತೋ, ಮೂಲೆಯಲ್ಲಿ ನಿಂತಿದ್ದ ಎಂಟೂ ರೆಕ್ಕೆ ಬಡಿದು ಓಡಿ ಬಂದವು. ಟಪಟಪ, ಟಪಟಪ. ಕಣ್ಣಿಗೆ ಕಾಣದಷ್ಟು ಸಣ್ಣ ಬೀಜವನ್ನು ಒಂದೊಂದಾಗಿ, ಗುರಿ ತಪ್ಪದೆ ಎತ್ತುತ್ತಿದ್ದವು. ಅಮ್ಮ ದಾರ ಪೋಣಿಸಲು ಕನ್ನಡಕ ಹಾಕಿದರೂ ನಾಲ್ಕು ಸಲ ತಪ್ಪುತ್ತಾಳೆ. ಹೊಲಿಗೆ ಯಂತ್ರದ ಸದ್ದು ಯಾವಾಗ ನಿಂತಿತ್ತೋ, ಅವಳು ಕಿಟಕಿಯಲ್ಲಿದ್ದಳು.

"ಹೊಟ್ಟೆಗೆ ಕಾಳು, ಮೈಗೆ ಸೊಪ್ಪು. ಎರಡೂ ಬೇಕು. ಕಾಳು ನಿಲ್ಲಿಸಿಬಿಟ್ಟೀರ ಮತ್ತೆ!" ಎಂದರು ಸೂಜಿಯಕ್ಕ. ಚಿಪ್ಪು ಗಟ್ಟಿಯಾಗಲು ಒಣಗಿಸಿ ಪುಡಿ ಮಾಡಿದ ಮೊಟ್ಟೆ ಚಿಪ್ಪನ್ನು ಬೇರೆ ತಟ್ಟೆಯಲ್ಲಿ ಇಡಲು ಹೇಳಿದರು.

ಬೇಲಿಯ ಹೊರಗೆ ನಾನು ಬೋಳು ಮಾಡಿದ ಜಾಗದಲ್ಲಿ ಅಕ್ಕ ದಂಟಿನ ಬೀಜ ಎರಚಿದಳು. ಕುಂಬಳದ ಬೀಜ ಊರಿದಳು. ಒಂದು ಸಾಲು ಸೂರ್ಯಕಾಂತಿ. ಪಕ್ಕದ ಮನೆಯ ಅಜ್ಜಿಯ ನುಗ್ಗೆ ಮರದಿಂದ ದಿನಕ್ಕೊಂದು ರೆಂಬೆ ಬೇಡಿ ತಂದಳು. ನಾಲ್ಕನೆಯ ದಿನ ನೆಲ ಬಿರಿದು ಚಿಗುರು ಬಂತು. ಬೀಜ ಮರಳಿನ ಕಣದಷ್ಟಿತ್ತು, ಆದರೂ ನನ್ನ ಗುದ್ದಲಿ ಗಟ್ಟಿ ಮಾಡಿದ್ದ ಮಣ್ಣನ್ನು ಎತ್ತಿ ಪಕ್ಕಕ್ಕೆ ಇಟ್ಟುಕೊಂಡು ಬಂದಿತ್ತು.

ಎರಡು ವಾರ ಕಳೆಯಿತು. ಜುಟ್ಟು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಮೊಟ್ಟೆ ಮಾತ್ರ ಇಲ್ಲ. ಅಮ್ಮ ದಿನಾ ಕೇಳುತ್ತಿದ್ದಳು, "ಏನಂತೆ ನೆಂಟರು?" ಅಕ್ಕ ದಿನಾ ಗೂಡಿನೊಳಗೆ ಕೈ ಹಾಕಿ ಬರಿಗೈ ತೆಗೆಯುತ್ತಿದ್ದಳು. ತಕ್ಕಡಿಯಣ್ಣ ಬರಲು ಇನ್ನು ಹನ್ನೆರಡು ದಿನ. ಇನ್ನು ಹತ್ತು.

ಒಂದು ಬೆಳಿಗ್ಗೆ ಹಿತ್ತಲಿಂದ ಕೂಗು ಬಂತು. ನಾನು ಹಲ್ಲುಜ್ಜುತ್ತಿದ್ದವನು ಹಾಗೇ ಓಡಿದೆ. ಅಕ್ಕನ ಅಂಗೈಯಲ್ಲಿ ಒಂದು ಮೊಟ್ಟೆ, ಇನ್ನೂ ಬೆಚ್ಚಗೆ.

ಅಮ್ಮ ಅದನ್ನು ಕಸಿದುಕೊಂಡಳು. "ತಾ ಇಲ್ಲಿ, ನೋಡೋಣ ಈ ಕಸದ ಮೊಟ್ಟೆನ." ಪಾತ್ರೆಯ ಅಂಚಿಗೆ ಒಮ್ಮೆ ಕುಟ್ಟಿದಳು, ಒಡೆಯಲಿಲ್ಲ. ಇನ್ನೊಮ್ಮೆ ಕುಟ್ಟಿದಳು. ಒಡೆದು ತಟ್ಟೆಗೆ ಬಿತ್ತು.

ನಾವು ಮೂವರೂ ಬಗ್ಗಿ ನೋಡಿದೆವು. ಹಿಂದಿನ ಮೊಟ್ಟೆಗಳ ಹಳದಿ ಬಟ್ಟೆ ಹಿಂಡಿದ ನೀರಿನ ಬಣ್ಣವಿರುತ್ತಿತ್ತು. ಇದು ಕುಂಬಳದ ಹೂವಿನ ಬಣ್ಣ. ಉಬ್ಬಿ, ಗುಂಡಗೆ, ತಟ್ಟೆ ಅಲುಗಿಸಿದರೂ ಚೆದುರದೆ ನಿಂತಿತ್ತು.

"ತಿಂದದ್ದು ಹಸಿರು" ಎಂದಳು ಅಮ್ಮ ಮೆಲ್ಲಗೆ. "ಈ ಬಣ್ಣ ಎಲ್ಲಿಂದ ಬಂತು?"

ನಾನು ಅದನ್ನೇ ಸೂಜಿಯಕ್ಕನಿಗೆ ಫೋನು ಮಾಡಿ ಕೇಳಿದೆ. "ಎಲೆ ಹಣ್ಣಾದಾಗ ಹಳದಿ ಆಗಲ್ವಾ? ಆ ಹಳದಿ ಮೊದಲಿಂದಲೂ ಎಲೆಯೊಳಗೆ ಇರುತ್ತೆ ತಮ್ಮಾ, ಹಸಿರಿನ ಹಿಂದೆ ಅವಿತುಕೊಂಡು. ನಮಗೆ ಕಾಣಲ್ಲ. ಕೋಳಿ ಅದನ್ನ ಹುಡುಕಿ ತೆಗೆದು ಮೊಟ್ಟೆಗೆ ಇಡುತ್ತೆ."

ಅಮ್ಮನಿಗೆ ಹೇಳಿದೆ. ಅವಳು ನಲವತ್ತು ವರ್ಷ ಬಟ್ಟೆಯ ಬಣ್ಣ ನೋಡಿದವಳು. ಹಿತ್ತಲಿಗೆ ಹೋಗಿ, ಒಂದು ದಂಟಿನೆಲೆ ಕಿತ್ತು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

ತಿಂಗಳು ತುಂಬುವ ಹೊತ್ತಿಗೆ ಏಳು ಕೋಳಿ ಮೊಟ್ಟೆ ಇಡುತ್ತಿದ್ದವು. ಎರಡು ಇಡಲಿಲ್ಲ. ಸೂಜಿಯಕ್ಕ ಪರೀಕ್ಷೆ ಮಾಡಿ ಅವಕ್ಕೆ ಹೊಟ್ಟೆಹುಳುವಿನ ಔಷಧಿ ಕೊಟ್ಟರು. ಸೊಪ್ಪು ಊಟ, ಸರ್ವರೋಗದ ಮದ್ದಲ್ಲ ಎಂದೂ ಹೇಳಿದರು.

ಹೇಳಿದ ದಿನಕ್ಕೆ ಸರಿಯಾಗಿ ತಕ್ಕಡಿಯಣ್ಣ ಬುಟ್ಟಿ ಹಿಡಿದು ಬಂದ. ಕಂದು ಕೋಳಿಯನ್ನು ಎತ್ತಿದವನು ಕೈ ಕೆಳಗೆ ಜಗ್ಗಿದ್ದು ನೋಡಿ ಹುಬ್ಬೇರಿಸಿದ. "ಭಲೆ! ಏನು ತಿನ್ನಿಸಿದ್ರಿ ಅಮ್ಮಾ? ಈಗ ತೂಗುತ್ತೆ ನೋಡಿ!"

ಇಷ್ಟು ದಿನ ನಾವು ಮೇಯಿಸಿದ್ದು ಇವನ ತಕ್ಕಡಿಗಾ? ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಮ್ಮ ಹೊಲಿಯುತ್ತಿದ್ದ ಬಟ್ಟೆಯ ದಾರವನ್ನು ಹಲ್ಲಲ್ಲಿ ಕತ್ತರಿಸಿದಳು.

"ತೂಗುತ್ತೆ ಅಂತ ಗೊತ್ತಾಯ್ತಲ್ಲ. ಕೆಳಗೆ ಬಿಡು."

"ಅಂದ್ರೆ? ನೀವೇ ಕರೆಸಿದ್ರಿ..."

"ಕರೆಸಿದ್ದೆ. ಆಗ ನನಗೆ ತಿಳಿದಿರಲಿಲ್ಲ. ಮತ್ತೆ, ಅವು ನನ್ನ ಕೋಳಿ ಅಲ್ಲ. ಅಗೋ ಅಲ್ಲಿ ನಿಂತಿದಾಳಲ್ಲ ಯಜಮಾನಿ, ಅವಳನ್ನ ಕೇಳು."

ತಕ್ಕಡಿಯಣ್ಣ ಅಕ್ಕನ ಕಡೆ ತಿರುಗಿದ. ಅಕ್ಕ ಅವನ ಕೈಯಿಂದ ಕೋಳಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಐದು ಬೆರಳಿನ ಕೈ, ಎರಡು ಬೆರಳಿನ ಕೈ, ಎರಡರಲ್ಲೂ.

"ಕೊಡಲ್ಲ ಅಣ್ಣಾ" ಎಂದಳು. "ಕೂತ್ಕೊಳ್ಳಿ, ಮೊಟ್ಟೆ ಬೇಯಿಸ್ತೀನಿ. ತಿಂದು ನೋಡಿ ಹೋಗಿ."

ಅವನು ಎರಡು ತಿಂದು ಹೋದ.

ಈಗ ನಿಮಗೆ ಹೇಳುತ್ತೇನೆ, ಓದುತ್ತಿರುವವರಿಗೆ, ಓದಿಸಿ ಕೇಳುತ್ತಿರುವವರಿಗೆ. ಕೋಳಿ ಸಾಕಿದ್ದೀರಾ? ಹಾಗಾದರೆ ನಾಳೆ ಬೆಳಿಗ್ಗೆ ಕಳೆ ಕೀಳುವ ಮೊದಲು, ಕಳೆನಾಶಕದ ಡಬ್ಬಿಗೆ ಕೈ ಹಾಕುವ ಮೊದಲು, ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ಹೆಸರು ಗೊತ್ತಿದ್ದದ್ದನ್ನು ಕೊಯ್ದು ತೊಳೆದು ಕೋಳಿಗೆ ಕಟ್ಟಿ. ಗೊತ್ತಿಲ್ಲದ್ದನ್ನು ಬಲ್ಲವರಿಗೆ ತೋರಿಸಿ ಕೇಳಿ, ಕೇಳದೆ ಹಾಕಬೇಡಿ. ಕಾಳು ತಪ್ಪಿಸಬೇಡಿ, ಶುದ್ಧ ನೀರು ತಪ್ಪಿಸಬೇಡಿ, ಲಸಿಕೆ ತಪ್ಪಿಸಲೇಬೇಡಿ. ಅಂಗೈಯಗಲ ಜಾಗವಿದ್ದರೂ ಒಂದು ಹಿಡಿ ದಂಟಿನ ಬೀಜ ಎರಚಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ದೊಡ್ಡ ಓದೂ ಬೇಕಿಲ್ಲ. ಮೊಣಕಾಲು ಮಡಚಿದರೆ ಸಾಕು. ನೆಲ ಬಡಿಸಿಟ್ಟು ಕಾಯುತ್ತಿದೆ. ಕೋಳಿಗೆ ಅದು ಎಂದೋ ಕಂಡಿದೆ.