ಪುದೀನಪ್ಪನ ಅಂಗಿ

ಅವನ ಮುಖಕ್ಕಿಂತ ಮೊದಲು ಅವಳಿಗೆ ಪರಿಚಯವಾದದ್ದು ಅವನ ಅಂಗಿಯ ಬಲತೋಳು.

ಚಿಕ್ಕಮ್ಮನ ಲಾಂಡ್ರಿಗೆ ಬರುವ ಅಷ್ಟೂ ಬಟ್ಟೆಗೆ ಅವಳದೇ ಇಸ್ತ್ರಿ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಯಾರೋ ಒಬ್ಬ ಏದುಸಿರು ಬಿಡುತ್ತಾ ಬಂದು, "ಒಗೆಯೋಕೆ ಹೊತ್ತಿಲ್ಲ, ಹಾಗೇ ಒಂದು ಸಲ ಇಸ್ತ್ರಿ ಪೆಟ್ಟಿಗೆ ಎಳೆದುಕೊಡಿ" ಎಂದು ಬಿಳಿ ಅಂಗಿಯೊಂದನ್ನು ಮೇಜಿನ ಮೇಲಿಟ್ಟ. ನೋಡೋದಕ್ಕೆ ಅಂಗಿ ಹಾಲಿನ ಹಾಗಿತ್ತು. ಬಿಸಿ ಪೆಟ್ಟಿಗೆ ಬಲಗೈ ಕಫ್ ಮೇಲೆ ಹರಿದದ್ದೇ ತಡ, ಒಂದೊಂದಾಗಿ ಕಂದು ಚುಕ್ಕೆಗಳು ಎದ್ದವು. ಅವಳು ಥಟ್ಟನೆ ಪೆಟ್ಟಿಗೆ ಎತ್ತಿದಳು.

"ನೀನು ಸುಟ್ಟಿದ್ದಲ್ಲ ಕಣೇ," ಎಂದು ಚಿಕ್ಕಮ್ಮ ಕಫ್ ಮೂಸಿ ನೋಡಿದಳು. "ನಿಂಬೆರಸ. ಜೊತೆಗೆ ಸಕ್ಕರೆ. ಹಸಿ ಇದ್ದಾಗ ಬಾಯಿ ಮುಚ್ಚಿಕೊಂಡಿರುತ್ತೆ, ಶಾಖ ತಗುಲಿದರೆ ಚಾಡಿ ಹೇಳುತ್ತೆ."

"ಇರಲಿ ಬಿಡಿ, ಮೇಲೆ ಕೋಟು ಬರುತ್ತೆ" ಎಂದು ಅವನು ಅಂಗಿ ತೊಟ್ಟುಕೊಂಡು ಓಡಿದ. ಬೀದಿ ಕೊನೆಯ ಹೋಟೆಲಿನ ಬಾರಿನಲ್ಲಿ ಪಾನೀಯ ಬೆರೆಸುವ ಕೆಲಸವಂತೆ ಅವನದು. ಅವನು ಹೋದಮೇಲೆ ಮೇಜಿನ ಮೇಲೆ ಬಾಡಿದ ಪುದೀನ ಎಲೆಯೊಂದು ಉಳಿದಿತ್ತು. ಚಿಕ್ಕಮ್ಮ ಅವತ್ತೇ ಅವನಿಗೆ ಪುದೀನಪ್ಪ ಎಂದು ನಾಮಕರಣ ಮಾಡಿಬಿಟ್ಟಳು.

ಆಮೇಲೆ ಪ್ರತಿ ಸೋಮವಾರ ಐದು ಅಂಗಿ. ನೀರಿಗೆ ಹಾಕುವ ಮುಂಚೆ ಅವಳು ಜೇಬು ತಡಕುವ ನೆಪದಲ್ಲಿ ಪ್ರತಿಯೊಂದನ್ನೂ ಮೂಗಿನ ಹತ್ತಿರ ತರುತ್ತಿದ್ದಳು. ಅವಳ ಅಜ್ಜಿಯ ಕಥೆಯಲ್ಲಿ ಒಬ್ಬ ರಾಜಕುಮಾರಿ ಇದ್ದಳು. ಹೊಳೆಯಲ್ಲಿ ತೇಲಿಬಂದ ಒಂದೇ ಒಂದು ಹೂವಿನ ವಾಸನೆಯ ಜಾಡು ಹಿಡಿದು ಏಳು ಕಾಡು ದಾಟಿಹೋದವಳು. ಇಲ್ಲಿ ಹೊಳೆ ಇಲ್ಲದಿದ್ದರೇನಂತೆ, ಲಾಂಡ್ರಿಯಲ್ಲಿ ನೀರಿಗೇನು ಬರ? ಜೇಬಿನ ಮೂಲೆಯಲ್ಲಿ ಪುದೀನ. ಕಫ್ ಮೇಲೆ ನಿಂಬೆ. ಮೊಣಕೈ ಹತ್ತಿರ ಸಕ್ಕರೆ ಪಾಕ ಒಣಗಿ ಗಂಜಿ ಹಾಕಿದ ಹಾಗೆ ಗರಿಗರಿ. ಇನ್ನೊಂದು ಘಾಟು ಮಾತ್ರ ಯಾವುದೆಂದು ತಿಳಿಯದೆ ಚಿಕ್ಕಮ್ಮನ ಮುಂದೆ ಹಿಡಿದಿದ್ದಳು.

"ರಮ್ ಅಲ್ವೇನೇ! ನಿಮ್ಮ ಚಿಕ್ಕಪ್ಪನ ಪಕ್ಕ ಇಪ್ಪತ್ತೆಂಟು ವರ್ಷ ಮಲಗಿದ್ದೀನಿ, ನನಗೆ ಗೊತ್ತಾಗಲ್ವ?"

ಇಷ್ಟೆಲ್ಲ ಗೊತ್ತಿದ್ದವಳ ಮುಖವನ್ನು ಅವನು ಎರಡು ವರ್ಷದಲ್ಲಿ ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ಅವನು ನೋಡುತ್ತಿದ್ದದ್ದು ಚೀಟಿಯನ್ನು. "ಎಷ್ಟೊತ್ತಿಗೆ ಬರಲಿ?" "ನಾಲ್ಕಕ್ಕೆ." ಅವರಿಬ್ಬರ ನಡುವಿನ ಮಾತೆಂದರೆ ಇಷ್ಟೇ.

ಹಾಗಿರುವಾಗ ಒಂದು ಗುರುವಾರ, ವಾರವಲ್ಲದ ವಾರ ಬಂದು ಮೂರು ಅಂಗಿ ಇಟ್ಟ. "ಭಾನುವಾರ ಮಧ್ಯಾಹ್ನ ತಗೊಂಡು ಹೋಗಬಹುದಾ? ಸಂಜೆ ಗಾಡಿಗೆ ಹೊರಡ್ತಿದ್ದೀನಿ. ಸಮುದ್ರದ ಕಡೆ ಒಂದು ಹೋಟೆಲಲ್ಲಿ ಕೆಲಸ ಸಿಕ್ಕಿದೆ."

"ಭಾನುವಾರ ರಜಾ..." ಎಂದು ಚಿಕ್ಕಮ್ಮ ರಾಗ ಎಳೆಯುವಷ್ಟರಲ್ಲಿ, "ಬನ್ನಿ, ನಾನಿರ್ತೀನಿ" ಎಂದು ಅವಳು ಹೇಳಿಬಿಟ್ಟಿದ್ದಳು.

ಅವನು ಹೋದಮೇಲೆ ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಏನೇ ನಿನ್ನ ಸಮಾಚಾರ?"

"ಅವನು ಅಷ್ಟು ಜನಕ್ಕೆ ಕುಡಿಯೋಕೆ ಮಾಡಿಕೊಡ್ತಾನಲ್ಲ, ಅದನ್ನ ನಾನೊಂದು ಸಲ ಅವನಿಗೆ ಮಾಡಿಕೊಡಬೇಕು ಚಿಕ್ಕಮ್ಮ. ಕುಡಿದು ತಲೆ ಎತ್ತಿ ನೋಡಲಿ. ಸಾಕು."

ಬೈಗುಳಕ್ಕೆ ಕಾದಳು. ಚಿಕ್ಕಮ್ಮ ಒಳಗೆ ಹೋಗಿ, ಸೋಪಿನ ಡಬ್ಬಗಳ ಹಿಂದಿನಿಂದ ಚಿಕ್ಕಪ್ಪ ಬಿಟ್ಟುಹೋದ ಅರ್ಧ ಬಾಟಲಿ ರಮ್ ತಂದಿಟ್ಟಳು. ಚಿಕ್ಕಪ್ಪ ಕುಡಿತ ಬಿಟ್ಟದ್ದೂ ಲೋಕ ಬಿಟ್ಟದ್ದೂ ಒಂದೇ ವಾರದಲ್ಲಿ.

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಇದು ಕಂದು. ಇದು ಬಿದ್ದಿದ್ದರೆ ಒಗೆಯೋ ಮುಂಚೇನೇ ಕಲೆ ಕಾಣ್ತಿತ್ತು. ಅವನು ಹಾಕೋದು ಬಿಳೀದು."

"ಅಬ್ಬಬ್ಬಾ, ಪೊಲೀಸಿಗೆ ಸೇರಬೇಕಿತ್ತು ನೀನು!" ಎಂದು ಚಿಕ್ಕಮ್ಮ ಕೈಚೀಲ ಎತ್ತಿಕೊಂಡಳು. "ನಾನೇ ಹೋಗಿ ತರ್ತೀನಿ. ಈ ವಯಸ್ಸಲ್ಲಿ ನನ್ನ ಮಾನ ಎಲ್ಲಿಗೂ ಓಡಿಹೋಗಲ್ಲ."

ಶನಿವಾರ ಸಂಜೆ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಕೆಲಸ ಶುರುವಾಯಿತು. ಮೊದಲ ಸಲ ಪುದೀನವನ್ನು ಕೊಳೆ ಬಟ್ಟೆ ಕುಕ್ಕಿದ ಹಾಗೆ ಕುಕ್ಕಿದಳು. ಬಾಯಿಗಿಟ್ಟರೆ ಕಹಿ, ಹುಲ್ಲು ಮೇಯ್ದಂತೆ. ಅವನ ಜೇಬಿನ ಎಲೆಗಳು ಬಾಡಿರುತ್ತಿದ್ದವೇ ಹೊರತು ಜಜ್ಜಿಹೋಗಿರುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಎರಡನೆಯ ಸಲ ರೇಷ್ಮೆ ಬಟ್ಟೆ ಹಿಂಡುವ ಕೈ ಬಂತು: ಎಂಟು ಎಲೆ, ಎರಡು ಚಮಚ ಸಕ್ಕರೆ, ಅರ್ಧ ನಿಂಬೆ, ಮರದ ಸೌಟಿನ ಹಿಂಬದಿಯಿಂದ ನಾಲ್ಕೇ ನಾಲ್ಕು ಸಲ ಒತ್ತು. ಘಮ್ಮೆಂದಿತು. ರಮ್ ಸುರಿದು, ಐಸ್ ಹಾಕಿ ಕಲಕಿ ಚಿಕ್ಕಮ್ಮನಿಗೆ ಕೊಟ್ಟಳು.

ಚಿಕ್ಕಮ್ಮ ನಾಲಗೆ ಚಪ್ಪರಿಸಿದಳು. "ಎಲ್ಲಾ ಇದೆ. ಆದರೂ ಏನೋ ಇಲ್ಲ ಕಣೇ. ಕೆಮ್ಮಿನ ಔಷಧಿ ಕುಡಿದ ಹಾಗಿದೆ."

ಅವಳು ಮೂರು ಅಂಗಿಗಳನ್ನೂ ಮತ್ತೆ ಹರಡಿಕೊಂಡು ಕೂತಳು. ಕಾಲರ್, ಕಫ್, ಜೇಬಿನ ಹೊಲಿಗೆ, ಗುಂಡಿಯ ಸಂದು. ಇನ್ನೇನೂ ಸಿಗಲಿಲ್ಲ. ಇದ್ದ ವಾಸನೆಯನ್ನೂ ಶುಕ್ರವಾರ ಅವಳ ಕೈಯೇ ಒಗೆದು ಹಾಕಿತ್ತು.

ಭಾನುವಾರ ಎರಡು ಗಂಟೆಗೆ ಅರ್ಧ ಎಳೆದ ಶಟರಿನಡಿ ಬಗ್ಗಿ ಅವನು ಒಳಗೆ ಬಂದ. ಅಭ್ಯಾಸಬಲದಿಂದ ಚೀಟಿ ಚಾಚಿದ. ಅವಳು ಚೀಟಿ ಮುಟ್ಟದೆ ಅವನ ಕೈಗೆ ಗಾಜಿನ ಲೋಟ ಕೊಟ್ಟಳು. ಲೋಟ ಬೆವರುತ್ತಿತ್ತು, ಅವಳೂ.

ಮೂಸಿದ. ಒಂದು ಗುಟುಕು ಕುಡಿದ. ತಲೆ ಎತ್ತಿದ.

"ಮೊಜಿಟೊ! ನಾನು ಬಾರಲ್ಲಿ ದಿನಾ ಬೆರೆಸೋದು. ಇದನ್ನ ಯಾರು ಹೇಳಿಕೊಟ್ಟರು ನಿಮಗೆ?"

"ನಿಮ್ಮ ತೋಳು."

ಅವನು ತನ್ನ ತೋಳನ್ನು ಹೊಸದಾಗಿ ಕಂಡವನಂತೆ ನೋಡಿಕೊಂಡ. ಅವಳು ಒಂದೊಂದೇ ಹೇಳಿದಳು: ನಿಂಬೆ ಎಲ್ಲಿತ್ತು, ಪಾಕ ಎಲ್ಲಿತ್ತು, ರಮ್ಮು ಬಿಳೀದೇ ಎಂದು ಹೇಗೆ ತಿಳಿಯಿತು. ಅವನು ನಗಲಿಲ್ಲ.

"ಒಂದು ಬಿಟ್ಟು ಎಲ್ಲಾ ಸರಿಯಾಗಿದೆ," ಎಂದ ಮೆಲ್ಲಗೆ. "ಸೋಡಾ ಹಾಕಿಲ್ಲ ನೀವು."

"ಸೋಡಾನಾ?"

"ಹ್ಞೂಂ. ಪಾಪ, ನಿಮಗೆ ಹೇಗೆ ಗೊತ್ತಾಗಬೇಕು? ಅದು ಬಿದ್ದರೂ ಕಲೆ, ವಾಸನೆ ಬಿಡದೆ ಒಣಗಿ ಹೋಗುತ್ತೆ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಎದುರಿನ ಅಂಗಡೀಲೇ ಇದೆಯಲ್ಲಪ್ಪ" ಎಂದು ಒಳಬಾಗಿಲಲ್ಲಿ ಕದ್ದು ಕೇಳುತ್ತಿದ್ದ ಚಿಕ್ಕಮ್ಮ ಕೂಗಿದಳು. ಅವನೇ ಓಡಿಹೋಗಿ ಒಂದು ಬಾಟಲಿ ತಂದ. ಓಡಿದ್ದಕ್ಕೆ ಕುಲುಕಿತ್ತೋ ಏನೋ, ಮುಚ್ಚಳ ತೆಗೆದದ್ದೇ ಭುಸ್ಸೆಂದು ಉಕ್ಕಿ ಅವಳ ಬಲತೋಳು ಮೊಣಕೈತನಕ ತೊಯ್ದುಹೋಯಿತು.

"ಛೇ, ಛೇ!" ಎಂದು ಕರವಸ್ತ್ರ ತೆಗೆದು ತಾನೇ ಒರೆಸಿದ. "ಬರೀ ಸೋಡಾ. ಕಲೆ ಆಗಲ್ಲ."

ಆದರೂ ಒರೆಸುತ್ತಲೇ ಇದ್ದ. ನೂಲಿನೊಳಗೆ ಗುಳ್ಳೆಗಳು ಚಿಟಚಿಟ ಒಡೆಯುವುದು ಅವಳ ಚರ್ಮಕ್ಕೆ ಕೇಳಿಸುತ್ತಿತ್ತು.

ಲೋಟ ತುಂಬಿಸಿದ. ಈಗ ಪುದೀನ ಮೇಲೆದ್ದು ಕುಣಿಯಿತು. ಒಂದೇ ಲೋಟವನ್ನು ಮೂವರೂ ಸರದಿಯಲ್ಲಿ ಕುಡಿದರು. ಚಿಕ್ಕಮ್ಮ ತನ್ನ ಸರದಿಗೆ ಎರಡು ಗುಟುಕು ಜಾಸ್ತಿಯೇ ಎಳೆದಳು.

"ಹನ್ನೊಂದು ವರ್ಷದಿಂದ ಮಾಡ್ತಿದ್ದೀನಿ," ಎಂದ ಅವನು ಖಾಲಿ ಲೋಟ ತಿರುಗಿಸುತ್ತಾ. "ನನಗೆ ಅಂತ ಯಾರೂ ಮಾಡಿಕೊಟ್ಟಿರಲಿಲ್ಲ." ಅವಳ ಮುಖ ನೋಡಿದ, ಕಣ್ಣು ತೆಗೆಯದೆ. ಇನ್ನೇನೋ ಹೇಳುವವನಿದ್ದ. ಗೋಡೆ ಗಡಿಯಾರ ಮೂರು ಹೊಡೆಯಿತು. ಮೂರು ಅಂಗಿಯ ಕಟ್ಟು ಕಂಕುಳಿಗೇರಿಸಿಕೊಂಡು, "ಬರ್ತೀನಿ" ಎಂದ. ವಾಪಸು ಬರುವವರು ಹೇಳುವುದೂ ಅದನ್ನೇ, ಬಾರದವರು ಹೇಳುವುದೂ ಅದನ್ನೇ. ಶಟರಿನಡಿ ಬಗ್ಗಿದ. ಅವನ ಬೂಟುಗಳು ಮಾತ್ರ ಒಂದು ಕ್ಷಣ ಅಲ್ಲೇ ನಿಂತಿದ್ದವು, ಆಮೇಲೆ ಅವೂ ಹೋದವು.

ಸೋಮವಾರ ಯಾರ ಅಂಗಿಗೂ ಮೊದಲು ಅವಳು ನಿನ್ನೆ ತೊಟ್ಟಿದ್ದ ತನ್ನ ಬಿಳಿ ಅಂಗಿಯನ್ನು ಒಗೆಯದೆ ಹಾಗೇ ಮೇಜಿನ ಮೇಲೆ ಹಾಸಿದಳು. ಪೆಟ್ಟಿಗೆ ಚೆನ್ನಾಗಿ ಕಾದಿತ್ತು. ಬಲತೋಳಿನ ಮೇಲೆ ಒಂದು ಸಲ ನಿಧಾನವಾಗಿ ಎಳೆದಳು. ಇನ್ನೊಂದು ಸಲ, ಒತ್ತಿ. ಬಟ್ಟೆ ಬೆಳ್ಳಗೇ ಇತ್ತು.

"ಸುಟ್ಟೀಯೇ!" ಎಂದು ಚಿಕ್ಕಮ್ಮ ಒಳಗಿಂದ ಕೂಗಿದಳು. "ಏನು ಹುಡುಕ್ತಿದ್ದೀಯ ಅದರಲ್ಲಿ?"

"ಸೋಡಾ" ಎಂದಳು ಅವಳು. ಪೆಟ್ಟಿಗೆಯನ್ನು ಮೂರನೆಯ ಸಲ ಇಟ್ಟಳು.