ಗೋಡೆಯಾಚೆಯ ದೀಪ

ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ, ಅಷ್ಟರಲ್ಲೇ ಗೋಡೆಯಾಚೆ ಅಣ್ಣನ ದೀಪ ಹತ್ತಿಕೊಂಡಿತು. ಅದೇನು ಮನೆಯಲ್ಲಿ ಹಾಕಿಕೊಳ್ಳುವಂಥ ದೀಪವೇ? ಲಾರಿ ನಿಲ್ಲಿಸುವ ಮೈದಾನಗಳಲ್ಲಿ ಕಂಬದ ತುದಿಗೆ ಕಟ್ಟುತ್ತಾರಲ್ಲ, ಅಂಥದ್ದು. ಹಿತ್ತಲ ಕೊನೆಯ ಬಚ್ಚಲ ಬಾಗಿಲಿನ ಮೇಲೆ ಅದನ್ನು ಸಿಕ್ಕಿಸಿ, ಅಣ್ಣ ತನ್ನ ಹಿತ್ತಲ ಜೊತೆಗೆ ತಮ್ಮನ ಹಿತ್ತಲನ್ನೂ ಹಗಲು ಮಾಡಿಬಿಟ್ಟಿದ್ದ. ದುರ್ಬೀನಿನ ಕೊಳವೆಯ ಪಕ್ಕ ಬಗ್ಗಿ ನಿಂತಿದ್ದ ತಮ್ಮ ತಲೆಯೆತ್ತಿ, "ಹಾಕಿದ ನೋಡು, ಹಾಕಿದ," ಎಂದು ಹಲ್ಲು ಕಡಿದ.

ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. "ಹೋಗಿ ಒಂದು ಮಾತು ಕೇಳಿ ಬರಬಾರದಾ? ಭಾವ ಏನು ನಿಮ್ಮನ್ನ ನುಂಗಿಬಿಡ್ತಾರಾ?"

"ಕೇಳಿದರೆ ಇನ್ನೊಂದು ದೀಪ ಹಾಕ್ತಾನೆ. ಬೇಕಂತಲೇ ಮಾಡ್ತಿರೋದು ಅವನು."

"ಬೇಕಂತ ಯಾಕೆ ಮಾಡ್ತಾರ್ರೀ? ನಿಮ್ಮ ಧೂಮಕೇತು ಬಂದಿರೋದು ಅವರಿಗೇನು ಗೊತ್ತು? ಹೇಳಿದ್ದೀರಾ? ಇಲ್ಲ ನಾನೇ ಹೋಗಿ ಹೇಳಿ ಬರಲಾ?"

"ನೀನು ಆ ಹೊಸಿಲು ತುಳಿದರೆ ನೋಡು."

ಹೆಂಡತಿ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು, "ನಿಮ್ಮಿಬ್ಬರ ಮಧ್ಯೆ ಸಿಕ್ಕಿ ನಾನು ಹಣ್ಣಾದೆ," ಎಂದು ಗೊಣಗುತ್ತ ಒಳಗೆ ಹೋದಳು.

ಎರಡು ಬೀದಿ ದಾಟಿದರೆ ಮಾರುಕಟ್ಟೆ, ಅದರ ಮೂಲೆಯಲ್ಲಿ ಅವನ ಕನ್ನಡಕದ ಅಂಗಡಿ. ಬಂದವರ ಕಣ್ಣು ಪರೀಕ್ಷಿಸುವುದು, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿಮಾಡುವುದು, ಇದರಲ್ಲೇ ತಲೆಗೂದಲು ನರೆತಿತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಊಟದ ತಟ್ಟೆಯಷ್ಟು ಅಗಲದ ಕನ್ನಡಿಯೊಂದನ್ನು ತಾನೇ ಉಜ್ಜಿ ಉಜ್ಜಿ ಹದಕ್ಕೆ ತಂದು, ಚರಂಡಿಗೆ ಹಾಕುವ ದಪ್ಪ ಪೈಪಿನೊಳಗೆ ಕೂರಿಸಿ ಈ ದುರ್ಬೀನು ಮಾಡಿದ್ದ. ಬೀದಿಯವರು ಅವನಿಗೆ 'ದುರ್ಬೀನಪ್ಪ' ಎಂದು ಹೆಸರಿಟ್ಟಿದ್ದರು. ಎದುರಿಗೆ ಸಿಕ್ಕವರು ಕುಶಲ ಕೇಳುವುದನ್ನು ಬಿಟ್ಟು, "ಏನ್ ಸಾರ್, ಮೇಲ್ಗಡೆ ಎಲ್ಲ ಸೌಖ್ಯವಾ?" ಎನ್ನುತ್ತಿದ್ದರು.

ಮೇಲ್ಗಡೆ ಸೌಖ್ಯವಿರಲಿಲ್ಲ. ಅವನು ಶುರು ಮಾಡಿದ ಕಾಲದಲ್ಲಿ ಹಿತ್ತಲಲ್ಲಿ ಚಾಪೆ ಹಾಸಿ ಮಲಗಿದರೆ ಚುಕ್ಕಿಗಳು ಮೈಮೇಲೆ ಸುರಿದ ಹಾಗಿರುತ್ತಿದ್ದವು. ಆಮೇಲೆ ಪಶ್ಚಿಮಕ್ಕೆ ಉಗ್ರಾಣಗಳು ಬಂದವು, ಪೆಟ್ರೋಲ್ ಬಂಕ್ ಬಂತು, ರಾತ್ರಿಯಿಡೀ ಹಲ್ಲು ಕಿರಿಯುವ ಜಾಹೀರಾತು ಹಲಗೆಗಳು ಬಂದವು. ವರ್ಷ ವರ್ಷಕ್ಕೂ ಆಕಾಶ ತುಕ್ಕಿನ ಬಣ್ಣಕ್ಕೆ ತಿರುಗುತ್ತ ಹೋಯಿತು. ಆದರೂ ಅವನು ಸಂಜೆಯ ಹೊತ್ತು ದುರ್ಬೀನನ್ನು ಇಷ್ಟಿಷ್ಟೇ ಸರಿಸುತ್ತ, ಕಸ ಗುಡಿಸುವವರಂತೆ ಆಕಾಶದ ಒಂದೊಂದೇ ತುಂಡನ್ನು ಗುಡಿಸುತ್ತ ಬಂದಿದ್ದ. ಯಾರೂ ಕಾಣದ ಒಂದು ಧೂಮಕೇತು ತನ್ನ ಕಣ್ಣಿಗೆ ಬಿದ್ದೀತೆಂಬ ಆಸೆ. ಬೀಳಲಿಲ್ಲ. ಬೇರೆಯವರು ಕಂಡುಹಿಡಿದವುಗಳನ್ನು ನೋಡೋಣವೆಂದರೂ ಒಂದು ಸಲ ಮೋಡ, ಒಂದು ಸಲ ಜ್ವರ. ಈ ಸಲದ್ದು ಸಂಜೆಗತ್ತಲಲ್ಲಿ ಉಗ್ರಾಣದ ಸೂರಿನ ಮೇಲೆ ಸ್ವಲ್ಪ ಹೊತ್ತು ನಿಂತು ಇಳಿದುಹೋಗುವಂಥದ್ದು. ಇನ್ನು ಕೆಲವೇ ದಿನ. ಹೋದರೆ ಅವನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಸಿಗುವುದಿಲ್ಲ.

ಅಣ್ಣ ಟೈಲರ್. ಅಪ್ಪನ ಮನೆಯನ್ನು ಭಾಗ ಮಾಡಿಕೊಂಡಾಗ, "ಪಶ್ಚಿಮದ ಕಡೆ ಅವನಿಗೇ ಇರಲಿ, ಅವನ ಹುಚ್ಚಿಗೆ ಆಕಾಶ ಬೇಕು," ಎಂದು ತಾನಾಗಿ ಬಿಟ್ಟುಕೊಟ್ಟವನು. ಅತ್ತಿಗೆ ತೀರಿಕೊಂಡ ಮೇಲೂ ಮುಂಬಾಗಿಲ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ತನ್ನ ಪಾಡಿಗೆ ಹೊಲಿಯುತ್ತಿದ್ದ. ತಮ್ಮನ ಮಗಳ ಮದುವೆಗೆ ಮನೆಮಂದಿಯ ಬಟ್ಟೆಯನ್ನೆಲ್ಲ ಅವನೇ ಹೊಲಿದ. ಮದುವೆಯ ಬೆಳಿಗ್ಗೆ ತಮ್ಮ ಕೋಟು ತೊಟ್ಟು ನೋಡುತ್ತಾನೆ, ಕಾಲರ್ ಒಂದು ಕಡೆ ಎದ್ದಿದೆ, ಒಂದು ಕಡೆ ಬಿದ್ದಿದೆ. ಗುಂಡಿಯೊಂದು ಮನೆ ತಪ್ಪಿ ಕೂತಿದೆ. ಬೀಗರೆಲ್ಲ ನೆರೆದಿದ್ದರು. "ಕಣ್ಣು ಕಾಣಲ್ವೇನೋ ನಿನಗೆ? ಇಷ್ಟು ವರ್ಷ ಕತ್ತರಿ ಹಿಡಿದಿದ್ದು ಇದಕ್ಕಾ?" ಎಂದು ತಮ್ಮ ಕೂಗಾಡಿದ. ಅಣ್ಣ ಕೋಟನ್ನು ಬಿಚ್ಚಿಸಿಕೊಂಡು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ, ಊಟಕ್ಕೂ ನಿಲ್ಲಲಿಲ್ಲ. ಅಂದಿನಿಂದ ಮಾತು ನಿಂತಿತು. ಹಿತ್ತಲ ಗೋಡೆಯನ್ನು ತಮ್ಮನೇ ಎತ್ತರ ಮಾಡಿಸಿದ. ಅದಾದ ಮೇಲೆ ಈ ದೀಪ ಬಂದಿತ್ತು.

ತಮ್ಮ ಏನೇನೋ ಮಾಡಿ ನೋಡಿದ್ದ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕಂಬಳಿ ಇಳಿಬಿಟ್ಟ. ನೀರಿನ ತೊಟ್ಟಿಯ ನೆರಳಿಗೆ ದುರ್ಬೀನನ್ನು ಎಳೆದ. ಅಲ್ಲಿಂದ ಉಗ್ರಾಣದ ಗೋಡೆ ಬಿಟ್ಟು ಬೇರೇನೂ ಕಾಣದು. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು ನೋಡಿದ. ದೀಪದ ಬೆಳಕು ಕೊಳವೆಯ ಬಾಯಿಗೇ ನುಗ್ಗಿ, ಕಾಣಬೇಕಾದ ಜಾಗದಲ್ಲೆಲ್ಲ ಹಾಲು ಕಲೆಸಿದ ನೀರಿನಂಥ ಮಬ್ಬು. ಇವತ್ತು ಮೋಡವಿರಲಿಲ್ಲ. ಗಾಳಿ ನಿಂತಿತ್ತು. ಮೊದಲ ಚುಕ್ಕಿ ಉಗ್ರಾಣದ ಮೇಲೆ ಕಣ್ಣು ಬಿಟ್ಟಿತ್ತು.

ಹೂಕುಂಡದ ಬುಡದಲ್ಲಿ ಒಂದು ಉರುಟು ಕಲ್ಲಿತ್ತು. ಅದನ್ನು ಯಾವಾಗ ಎತ್ತಿಕೊಂಡನೋ ಅವನಿಗೇ ಗೊತ್ತಾಗಲಿಲ್ಲ. ಗೋಡೆಯಾಚೆ ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡ. ಕೈ ಬೀಸಿದ. ಟಪ್ಪೆಂದು ಗಾಜೊಡೆದ ಸದ್ದಾಯಿತು, ಚೂರುಗಳು ಉದುರಿದವು, ಹಿತ್ತಲೆರಡೂ ಒಂದೇ ಏಟಿಗೆ ಕತ್ತಲಲ್ಲಿ ಮುಳುಗಿದವು.

ಅವನು ಒಂದಷ್ಟು ಹೊತ್ತು ಗೋಡೆಗೊರಗಿ ನಿಂತ. ಯಾರೂ ಕೂಗಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ದುರ್ಬೀನಿನ ಬಳಿ ಹೋಗಿ, ಆ ಚುಕ್ಕಿಯನ್ನು ಹಿಡಿದು, ಅಲ್ಲಿಂದ ಎಡಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸುತ್ತ ಬಂದ. ಏನೂ ಇಲ್ಲ. ಇನ್ನಷ್ಟು ಸರಿಸಿದ. ಆಗ ನೋಟದ ಅಂಚಿನಲ್ಲಿ ಏನೋ ಬಂದು ಹೋಯಿತು. ನೇರ ನೋಡಿದರೆ ಇಲ್ಲ; ಕಣ್ಣನ್ನು ಒಂದಿಷ್ಟು ಪಕ್ಕಕ್ಕೆ ಹೊರಳಿಸಿದರೆ ಇದೆ. ಚಳಿಯಲ್ಲಿ ಗಾಜಿನ ಮೇಲೆ ಯಾರೋ ಬಿಟ್ಟ ಉಸಿರಿನಂಥದ್ದು, ಮೇಲ್ಮುಖವಾಗಿ ಸಣ್ಣಗೆ ಚಾಚಿಕೊಂಡದ್ದು. ಇಷ್ಟು ವರ್ಷಗಳ ಗುಡಿಸಾಟಕ್ಕೆ ಸಿಕ್ಕಿದ್ದು ಇಷ್ಟೇ. ಅವನಿಗೆ ಕಣ್ಣಲ್ಲಿ ನೀರು ಬಂತು, ನೀರು ಬಂದದ್ದರಿಂದ ಅದೂ ಕಾಣದಾಯಿತು.

ಆಗಲೇ ಗೋಡೆಯಾಚೆ ಬಕೆಟ್ಟೊಂದು ಉರುಳಿತು. ಅದರ ಹಿಂದೆಯೇ ಯಾರೋ ತಗಡಿನ ಬಾಗಿಲಿಗೆ ಮೈ ಬಡಿದ ಸದ್ದು. ಒಂದು ನರಳಿಕೆ.

"ಮರಿ," ಎಂದಿತು ಅಣ್ಣನ ದನಿ. "ಮರೀ, ಹಿತ್ತಲಲ್ಲಿ ಇದ್ದೀಯೇನೋ?"

ಅಜ್ಜನಾಗುವ ವಯಸ್ಸಿನವನನ್ನು ಮರಿ ಎಂದು ಕರೆಯುವವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಅವನು ಉತ್ತರ ಕೊಡಲೋ ಬೇಡವೋ ಎಂದು ತಡವರಿಸಿ, ಕೊನೆಗೆ, "ಇದ್ದೀನಿ. ಏನಾಯ್ತು?" ಎಂದ.

"ಯಾವನೋ ಪುಂಡ ದೀಪಕ್ಕೆ ಕಲ್ಲು ಬೀರಿದ ಕಣೋ. ನಾನು ಬಚ್ಚಲಲ್ಲಿದ್ದೆ."

ಹೇಳಬೇಕಾದದ್ದನ್ನು ಬಿಟ್ಟು ತಮ್ಮನ ಬಾಯಿಗೆ ಬೇರೆಯದೇ ಬಂತು. "ಧೂಮಕೇತು ಬಂದಿದೆ. ನೋಡ್ತೀಯಾ?"

"ಬಂದು ಕರ್ಕೊಂಡು ಹೋಗು," ಎಂದ ಅಣ್ಣ.

ಇದೇನು ಬಿಂಕ ಇವನದು, ಬಾಗಿಲಿಗೆ ಹೋಗಿ ಕರೆಯಬೇಕೇ ಎಂದು ಒಂದು ಗಳಿಗೆ ತಮ್ಮನಿಗೆ ಅನ್ನಿಸದೆ ಇರಲಿಲ್ಲ. ಆದರೂ ಬೀದಿ ಸುತ್ತಿ ಹೋದ. ಅಣ್ಣ ಮುಂಬಾಗಿಲಿಗೆ ಬಂದು ನಿಂತಿದ್ದ, ತುಂಬ ಇಳಿದುಹೋಗಿದ್ದ. ಮಿಷನ್ನಿನ ಮೇಲೆ ಹೊದಿಸಿದ ಬಟ್ಟೆಗೆ ಧೂಳು ಕೂತಿತ್ತು. ದಾರಿಯಲ್ಲಿ ಅಣ್ಣ ತಮ್ಮನ ತೋಳನ್ನು ಹಿಡಿದ. ರಾಜಿಗೆ ಬಂದವರು ಹಿಡಿಯುವ ಹಾಗೆ ಎಂದುಕೊಂಡ ತಮ್ಮ. ಅವನಿಗೆ ಹಿತವೇ ಆಯಿತು.

"ಎಷ್ಟೊತ್ತಿಗೆ ಬಂದ್ರಿ ಭಾವ, ಕೂತ್ಕೊಳ್ಳಿ," ಎಂದು ಹೆಂಡತಿ ಒಳಗಿಂದ ಸಡಗರದಲ್ಲಿ ಸ್ಟೂಲು ತಂದು ದುರ್ಬೀನಿನ ಪಕ್ಕ ಇಟ್ಟು, ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಅಣ್ಣ ಕೂತು ಮಸೂರಕ್ಕೆ ಕಣ್ಣಿಟ್ಟ. "ಏನೂ ಇಲ್ವಲ್ಲೋ."

"ನೇರ ನೋಡಬೇಡ. ಮಂಕಾಗಿರೋದನ್ನ ನೇರ ನೋಡಿದರೆ ಕಾಣಲ್ಲ. ಓರೆಗಣ್ಣಲ್ಲಿ ನೋಡು. ಕಣ್ಣನ್ನ ಪಕ್ಕಕ್ಕಿಡು, ಅಂಚಿಗೆ ಬರುತ್ತೆ."

ಅಣ್ಣ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ತಲೆಯೆತ್ತದೆಯೇ ಸಣ್ಣಗೆ ನಕ್ಕ. "ಅಂಚು ಎಲ್ಲಿಂದ ತರಲೋ ಮರಿ? ನನಗೆ ಈಗ ಅಂಚೇ ಇಲ್ಲ."

"ಅಂದ್ರೆ?"

"ಎರಡೂ ಕಡೆಯಿಂದ ಯಾರೋ ಪರದೆ ಎಳ್ಕೊಂಡು ಬಂದ ಹಾಗೆ. ಮಧ್ಯದಲ್ಲಿ ಒಂದಿಷ್ಟು ಕಿಂಡಿ ಉಳಿದಿದೆ. ಹಗಲು ಹ್ಯಾಗೋ ನಡೆಯುತ್ತೆ. ಕತ್ತಲಾದರೆ ಬಚ್ಚಲು ಎಲ್ಲಿ, ಮೆಟ್ಟಲು ಎಲ್ಲಿ, ಒಂದೂ ತಿಳಿಯಲ್ಲ. ಅದಕ್ಕೇ ಆ ದೊಡ್ಡ ದೀಪ ಹಾಕಿಸಿದ್ದು. ನಿನಗೆ ಕಣ್ಣಿಗೆ ಹೊಡೆಯುತ್ತೇನೋ ಅಂತ ಒಂದೊಂದು ಸಲ ಅಂದ್ಕೊತಿದ್ದೆ."

ತಮ್ಮ ದುರ್ಬೀನಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ. ದಿನಾ ಕಂಡವರ ಕಣ್ಣುಗಳೊಳಗೆ ದೀಪ ಬಿಟ್ಟು ನೋಡುವವನು ಅವನು. ಇಂಥ ಎಷ್ಟು ಜನರನ್ನು ಆಸ್ಪತ್ರೆಗೆ ಓಡಿಸಿಲ್ಲ! "ಯಾವಾಗಿಂದ?" ಎಂದ.

"ನಿನ್ನ ಮಗಳ ಮದುವೆಗೂ ಮುಂಚಿನಿಂದಲೇ ಇತ್ತು. ನನಗೇ ಗೊತ್ತಿರಲಿಲ್ಲ. ದಾರ ಕೈಕೊಡ್ತಿದೆ, ಸೂಜಿ ಕೈಕೊಡ್ತಿದೆ ಅಂತ ಬೈಕೊಂಡು ಕೂತಿದ್ದೆ."

"ಆಸ್ಪತ್ರೆಗೆ?"

"ಹೋದೆ, ತಡವಾಗಿ. ಹೋದದ್ದು ಬರಲ್ಲ, ಉಳಿದದ್ದನ್ನ ಉಳಿಸ್ಕೊ ಅಂತ ಹನಿ ಹಾಕೋಕೆ ಕೊಟ್ಟಿದ್ದಾರೆ. ಮೊದಲು ನಿನ್ನ ಅಂಗಡಿಗೇ ಬಂದಿದ್ದೆ ಕಣೋ. ಒಳಗೆ ಜನ ಇದ್ರು. ಹೊರಗೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ನೀನೂ ಕಾಣಲಿಲ್ಲ."

ತಮ್ಮನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಗಾಜಿನ ಬಾಗಿಲಾಚೆ, ಬಿಸಿಲಲ್ಲಿ, ಕೈಯಲ್ಲಿ ಚೀಲ ಹಿಡಿದು ನಿಂತ ಅಣ್ಣನನ್ನು ಅವನು ನೋಡಿದ್ದ. ಕ್ಷಮೆ ಕೇಳಲು ಬಂದಿದ್ದಾನೆ, ನಿಲ್ಲಲಿ ಸ್ವಲ್ಪ ಎಂದುಕೊಂಡು ಹಿಂದಿನ ಕೋಣೆಗೆ ಹೋಗಿ, ಉಜ್ಜಿ ಮುಗಿದಿದ್ದ ಗಾಜೊಂದನ್ನು ಮತ್ತೆ ಉಜ್ಜುತ್ತ ಕೂತಿದ್ದ. ಹೊರಗೆ ಬಂದಾಗ ಬಾಗಿಲಾಚೆ ಬರೀ ಬಿಸಿಲಿತ್ತು.

ಅಣ್ಣ ಮತ್ತೆ ಮಸೂರಕ್ಕೆ ಬಗ್ಗಿದ್ದ. "ಹೂಂ," ಎಂದ ಬಹಳ ಹೊತ್ತಿನ ಮೇಲೆ. "ಏನೋ ಇದೆ ಕಣೋ. ಬೆಳ್ಳಗೆ. ಕಂಡ ಹಾಗಾಯ್ತು."

ಅವನು ಎದ್ದ ಮೇಲೆ ತಮ್ಮ ಕಣ್ಣಿಟ್ಟು, ದುರ್ಬೀನನ್ನು ಕೆಳಕ್ಕೆ ಸರಿಸುತ್ತ ನೋಡಿದ. ಕೊಳವೆಯ ತುಂಬ ಉಗ್ರಾಣದ ಸೂರಿನ ಕಪ್ಪು ಅಂಚು. ಧೂಮಕೇತು ಆಗಲೇ ಇಳಿದುಹೋಗಿತ್ತು.

"ಕಾಣುತ್ತಾ?" ಎಂದ ಅಣ್ಣ.

"ಕಾಣುತ್ತೆ," ಎಂದ ತಮ್ಮ.

ಮನೆ ಮುಟ್ಟಿಸಲು ಹೋದಾಗ ಅಣ್ಣ ಹಿತ್ತಲ ಬಾಗಿಲಲ್ಲಿ ಅವನ ಎದೆಗೆ ಕೈ ಅಡ್ಡ ಹಿಡಿದು ನಿಲ್ಲಿಸಿದ. "ಚಪ್ಪಲಿ ಹಾಕಿದ್ದೀಯಾ? ಗಾಜು ಬಿದ್ದಿದೆ. ನೋಡಿ ಕಾಲಿಡು." ತಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮೊಬೈಲಿನ ಬೆಳಕಲ್ಲಿ ಚೂರುಗಳನ್ನು ಒಂದೊಂದಾಗಿ ಆರಿಸಿದ. ಅಣ್ಣ ಮೊರ ಹಿಡಿದು ಪಕ್ಕದಲ್ಲಿ ನಿಂತಿದ್ದ. ಎರಡು ಸಲ ತಮ್ಮ, "ಅಣ್ಣಾ," ಎಂದ. ಎರಡು ಸಲವೂ ಅಣ್ಣ, "ಏನೋ?" ಎಂದ. "ಏನಿಲ್ಲ, ಮೊರ ಈ ಕಡೆ ತಾ," ಎಂದ ತಮ್ಮ.

ಮರುದಿನ ಮಧ್ಯಾಹ್ನವೇ ಅವನು ಅಂಗಡಿ ಮುಚ್ಚಿ, ಮೊದಲಿನದಕ್ಕಿಂತ ದೊಡ್ಡದೊಂದು ದೀಪ ತಂದ. ಏಣಿ ಹತ್ತಿ ತಾನೇ ಸಿಕ್ಕಿಸಿದ. ಕೆಳಗೆ ಏಣಿ ಹಿಡಿದು ನಿಂತಿದ್ದ ಅಣ್ಣ, "ಹೊಡೆದವನ ಗುರಿ ಮಾತ್ರ ಭಾರಿ ಕಣೋ. ಒಂದೇ ಏಟಿಗೆ!" ಎಂದ. ತಮ್ಮ ತಿರುಪು ಬಿಗಿಮಾಡುತ್ತಲೇ ಇದ್ದ. ಅದು ಆಗಲೇ ಬಿಗಿಯಾಗಿತ್ತು.

"ಇದನ್ನ ಹಾಕಿದರೆ ನಿನ್ನ ಧೂಮಕೇತು?"

"ಅದು ಹೋಯ್ತು. ನಿನ್ನೆಯೇ ಕೊನೆ."

ಇನ್ನೂ ಮೂರು ನಾಲ್ಕು ಸಂಜೆ ಅದು ಉಗ್ರಾಣದ ಮೇಲೆ ನಿಲ್ಲುವುದಿತ್ತು. ಆ ಸಂಜೆಗಳಲ್ಲಿ ತಮ್ಮ ಹಿತ್ತಲಲ್ಲಿ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದ. ಹೆಂಡತಿ ಬಂದು ಕರೆದರೂ ಏಳುತ್ತಿರಲಿಲ್ಲ. ದೀಪ ಹತ್ತಿಕೊಳ್ಳುತ್ತಿತ್ತು, ಗೋಡೆಯ ಇಟ್ಟಿಗೆಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಆಚೆ ಬಾಗಿಲು ತೆರೆಯುತ್ತಿತ್ತು. ಅಣ್ಣನ ನೆರಳು ಉದ್ದಕ್ಕೆ ಚಾಚಿ, ಗೋಡೆ ಹತ್ತಿ, ತಮ್ಮನ ಹಿತ್ತಲೊಳಗೆ ಇಳಿದು, ಅವನ ಕಾಲ ಮೇಲಿಂದ ಮೆಲ್ಲಗೆ ಹಾದು ಬಚ್ಚಲ ಕಡೆಗೆ ಹೋಗುತ್ತಿತ್ತು.