ಸೂಜಿಯಕ್ಕನ ಸಿಂಹಾಸನ

ಊರಿನ ಮುಕ್ಕಾಲು ಪಾಲು ಬೈಕುಗಳ ಸೀಟು ಹೊಲಿದವಳು ಸೂಜಿಯಕ್ಕ. ಊರವರ ಬೆನ್ನು ಕಾಪಾಡಿದವಳು ತನ್ನ ಬೆನ್ನಿಗೆ ಕಡಿಮೆ ಮಾಡಿಕೊಂಡಾಳೆಯೇ? ಹೊಸ ಎಲೆಕ್ಟ್ರಿಕ್ ಬೈಕು ಮನೆಗೆ ಬಂದ ದಿನವೇ ಅದರ ಸೀಟನ್ನು ಹಲಗೆ ಎಂದು ಬೈದು ಕಿತ್ತಳು. ಸ್ಪಂಜಿನ ಮೇಲೆ ಸ್ಪಂಜು ಪೇರಿಸಿ ಒಂದು ಸಿಂಹಾಸನವನ್ನೇ ಹೊಲಿದು ಕೂರಿಸಿದಳು.

ಬೆಟ್ಟದಾಚೆಯ ತಂಗಿಯ ಮನೆಗೆ ಇದರಲ್ಲೇ ಹೋಗುತ್ತೇನೆ ಎಂದಾಗ ಅಣ್ಣ ನಕ್ಕುಬಿಟ್ಟ. ಅವನು ಸರಕಿನ ಗಾಡಿ ಓಡಿಸುವವನು. ರಸ್ತೆಯೆಂದರೆ ತನ್ನ ಅಪ್ಪನ ಆಸ್ತಿ ಎಂದು ನಂಬಿದವನು, ಆ ಅಪ್ಪ ಇವಳಿಗೂ ಅಪ್ಪನೇ ಎಂಬುದನ್ನು ಮರೆತವನು. ಇಷ್ಟು ವರ್ಷ ಅವನ ಗಾಡಿ ಖಾಲಿಯಿದ್ದ ದಿನ ಮಾತ್ರ ಇವಳಿಗೆ ತಂಗಿಯ ಮುಖ ಕಾಣುತ್ತಿತ್ತು. ತಂಗಿ ಹುಷಾರು ತಪ್ಪಿ ಮಲಗಿದಾಗಲೂ ಗಾಡಿ ಖಾಲಿಯಿರಲಿಲ್ಲ. ಅದನ್ನು ಸೂಜಿಯಕ್ಕ ಈಗಲೂ ಮರೆತಿಲ್ಲ.

"ಚಾರ್ಜ್ ಮುಗಿದು ನಿಂತ್ರೆ ನಾನೇ ಗಾಡಿಗೆ ಹತ್ತಿಸ್ತೀನಿ. ಆದ್ರೆ ಹತ್ತಿಸಿದ್ಮೇಲೆ ಬೈಕ್ ಮಾರಿಬಿಡ್ಬೇಕು" ಎಂದ ಅಣ್ಣ.

"ಆಗ್ಲಿ. ಹಗ್ಗ ಮರೀಬೇಡ."

ಬೆಳಗ್ಗೆ ಹೊರಟಳು. ಗಾಡಿಯಲ್ಲಿ ಹಗ್ಗ ಹಾಕಿಕೊಂಡು ಅಣ್ಣ ಬೆನ್ನ ಹಿಂದೆಯೇ ಬಂದ. ಸೀಟು ಸೊಗಸಾಗಿತ್ತು, ಹೊಂಡಗಳು ಲೆಕ್ಕಕ್ಕೇ ಬರಲಿಲ್ಲ. ಆದರೆ ಬೆಟ್ಟದ ಬುಡಕ್ಕೆ ಬಂದಾಗ, ಅರ್ಧವಾದರೂ ಇರಬೇಕಿದ್ದ ಚಾರ್ಜು ಮೂರನೇ ಒಂದು ಪಾಲಿಗೆ ಇಳಿದಿತ್ತು. ಅಲ್ಲಿದ್ದ ಒಂದೇ ಚಾರ್ಜಿಂಗ್ ಯಂತ್ರದ ಮುಖಕ್ಕೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿದ್ದರು. ಅಣ್ಣ ಗಾಡಿಯಿಂದಿಳಿದು ಹಗ್ಗ ಬಿಚ್ಚತೊಡಗಿದ.

ಸೂಜಿಯಕ್ಕ ಬೈಕಿನ ಸುತ್ತ ಒಂದು ಸುತ್ತು ಹಾಕಿದಳು. ದಾರಿಯುದ್ದಕ್ಕೂ ಗಾಳಿ ಎದೆಗೆ ಗುದ್ದಿ ಹಿಂದಕ್ಕೆ ತಳ್ಳುತ್ತಿದ್ದದ್ದು ನೆನಪಾಯಿತು. ಕೂತಾಗ, ಗಾಳಿ ತಡೆಯಬೇಕಾದ ಮುಂದಿನ ಗಾಜು ಅವಳ ಹೊಟ್ಟೆಯ ಮಟ್ಟಕ್ಕಿತ್ತು. ಸಿಂಹಾಸನ ಅವಳನ್ನು ಎತ್ತಿ ಗಾಳಿಯ ಬಾಯಿಗೆ ಕೊಟ್ಟಿತ್ತು, ಗಾಳಿಯನ್ನು ಸೀಳುವುದರಲ್ಲೇ ಚಾರ್ಜು ಸೋರಿಹೋಗಿತ್ತು. ಜೀವನವಿಡೀ ಅವಳು ಸೀಟಿನ ಅಳತೆ ತೆಗೆದದ್ದು ಅಂಗಡಿಯ ಮುಂದೆ ನಿಂತ ಬೈಕುಗಳ ಮೇಲೆ. ನಿಂತ ಬೈಕಿಗೆ ಗಾಳಿ ಎಲ್ಲಿಂದ ಬರಬೇಕು?

ಚೀಲದಿಂದ ಚಾಕು ತೆಗೆದಳು. ತಾನೇ ಹಾಕಿದ ಹೊಲಿಗೆ, ಅಷ್ಟು ಅಚ್ಚುಕಟ್ಟಾದ ಹೊಲಿಗೆ. ಆದರೂ ಬಿಚ್ಚಿದಳು. ಸ್ಪಂಜನ್ನೆಲ್ಲ ಕಿತ್ತು ಅಣ್ಣನ ಗಾಡಿಗೆ ಎಸೆದಳು.

"ಹತ್ತಿಸೋದಿದ್ರೆ ಇದನ್ನ ಹತ್ತಿಸ್ಕೋ."

ಬರಿಯ ಹಲಗೆಯ ಮೇಲೆ ಕೂತು, ಗಾಜಿನ ಹಿಂದೆ ಮೈ ಬಗ್ಗಿಸಿ, ನಿಧಾನಕ್ಕೆ ಬೆಟ್ಟ ಹತ್ತಿದಳು. ಹಿಂದಿನ ಲಾರಿಗಳು ಹಾರ್ನ್ ಹೊಡೆದು ಬೈದುಕೊಂಡು ಹೋದವು. ಸೊಂಟ ಮೊದಲು ನೋಯಿತು, ಆಮೇಲೆ ಉರಿಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ಅಣ್ಣ ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹಾಕಿದ. ಬೆನ್ನು ಮುರಿದುಕೊಳ್ಳುತ್ತೀಯ, ಹಟ ಸಾಕು ಎಂದ.

"ಮುರಿದ್ರೆ ನಂದೇ ಮುರಿಯುತ್ತೆ" ಎಂದಳು, ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಅದಕ್ಕೂ ಗಾಳಿ ಸುಂಕ ಕೇಳುತ್ತಿತ್ತು.

ನೆತ್ತಿ ತಲುಪಿದಾಗ ಚಾರ್ಜು ತಳ ಕಂಡಿತ್ತು. ಇಳಿಜಾರಿನಲ್ಲಿ ಚಕ್ರ ಉರುಳಿದಂತೆ ಬೈಕು ತಾನೇ ಒಂದಿಷ್ಟು ಚಾರ್ಜು ಗಳಿಸಿಕೊಂಡಿತು. ಅಷ್ಟರಲ್ಲೇ ತಂಗಿಯ ಗೇಟು ಬಂತು.

ತಂಗಿ ಓಡಿಬಂದು ಕುರ್ಚಿ ಹಾಕಿದಳು. ಸೂಜಿಯಕ್ಕ ಕೂರಲಿಲ್ಲ, ಕೂರುವ ಸ್ಥಿತಿಯಲ್ಲೂ ಇರಲಿಲ್ಲ. ನಿಂತೇ ನೀರು ಕುಡಿದು ಬೈಕನ್ನು ಚಾರ್ಜಿಗೆ ಹಾಕಿದಳು. ಅಣ್ಣ ಹಗ್ಗ ಸುತ್ತಿಟ್ಟು, ನಾಳೆ ವಾಪಸ್ಸಾದರೂ ಗಾಡಿಯಲ್ಲಿ ಬಾ ಎಂದು ಮೆತ್ತಗೆ ಅಂದ. ಅವನ ಸೊಂಟವೂ ನೋಯುತ್ತಿತ್ತು, ಕೈ ಅದರ ಮೇಲಿತ್ತು. ಊರಿಗೆಲ್ಲ ಸೀಟು ಹೊಲಿದವಳಿಗೆ ತನ್ನ ಗಾಡಿಯ ಸೀಟನ್ನು ಹೊಲಿಯಲು ಒಮ್ಮೆಯೂ ಕೊಟ್ಟವನಲ್ಲ.

"ಆ ಸ್ಪಂಜು ನೀನೇ ಹಾಕ್ಕೊಂಡು ಕೂತ್ಕೋ. ನಾಳೆ ಯಾರು ಬರ್ತಾರೆ? ನಂಗೆ ಬೇಕನಿಸಿದಷ್ಟು ದಿನ ಇಲ್ಲಿರ್ತೀನಿ. ನಿನ್ನ ಗಾಡಿ ಖಾಲಿ ಆಗ್ಲಿ ಅಂತ ಕಾಯೋದು ಇವತ್ತಿಗೆ ಮುಗೀತು, ಅಣ್ಣಾ."